ಗಾಳಿ ಬರುವ ಕಡೆ

ಫೋನಿನ ಪರದೆಯಲ್ಲಿದ್ದ ಮನುಷ್ಯ ನಾಲ್ಕನೆಯ ಸಲವೂ ತಪ್ಪು ಕಡೆಗೇ ವಾಲಿದ. ವಿಶಾಖಾ ಕನ್ನಡಕ ತೆಗೆದು ಹಣೆ ಒತ್ತಿಕೊಂಡಳು. ಭಾಲ್ಕಿಯ ಆ ಮನೆಯ ಮಾಳಿಗೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದ ಅವಳ ಅತ್ತೆ ಸುಭದ್ರಾಬಾಯಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ತಾಸಿನಿಂದ ಅವೇ ಎರಡು ಮಾತು ಕಿವಿಗೆ ಬಿದ್ದು ಬಿದ್ದು ಅವಳಿಗೂ ಬಾಯಿಪಾಠವಾಗಿದ್ದವು: ವಿಂಡ್‌ವರ್ಡ್, ಲೀವರ್ಡ್.

"ಆ ಯಜಮಾನ್ರು ಯಾಕ ಹಂಗ ಬೆವರ್ಲತ್ತಾರ?" ಎಂದು ಕೇಳಿದಳು.

ವಿಶಾಖಾ ಚೀನಾದವರಿಗೆ ಫೋನಿನಲ್ಲೇ ಇಂಗ್ಲಿಷ್ ಕಲಿಸುವವಳು. ಈತನ ಹೆಸರು ಗುವೊ, ಕಡಲತೀರದ ಊರೊಂದರಲ್ಲಿ ಬಸ್ಸು ಓಡಿಸುತ್ತಾನೆ, ವಯಸ್ಸು ಐವತ್ತೆಂಟು ಎಂದು ತಿಳಿಸಿದಳು. ಹಾಯಿದೋಣಿ ಹತ್ತಿ ಕಡಲಿಗೆ ಹೋಗುವುದು ಅವನ ಜೀವಮಾನದ ಆಸೆ. ಇಂಗ್ಲಿಷ್ ಕಪ್ತಾನನೊಬ್ಬ ಅವನನ್ನು ಎರಡು ಸಲ ದೋಣಿಗೆ ಹತ್ತಿಸಿಕೊಂಡು ನೋಡಿದ್ದ. ಗಾಳಿ ಜೋರಾದಾಗ ದೋಣಿ ಒಂದು ಮಗ್ಗುಲಿಗೆ ಬಾಗುತ್ತದೆ. ಆಗ ಎಲ್ಲರೂ ಗಾಳಿ ಬರುವ ಕಡೆಗೆ, ಅಂದರೆ ವಿಂಡ್‌ವರ್ಡಿಗೆ, ಸರಿದು ಕೂತು ತೂಕ ಕೊಡಬೇಕು. ಗುವೊ ಎರಡು ಸಲವೂ ಗಾಳಿ ಹೋಗುವ ಲೀವರ್ಡಿಗೇ ಸರಿದಿದ್ದ. ದೋಣಿ ಮಗುಚುವುದೊಂದು ಬಾಕಿ ಇತ್ತು. ನಾಳೆ ಬೆಳಿಗ್ಗೆ ಮೂರನೆಯ ಸಲ. ತಪ್ಪಿದರೆ ಮತ್ತೆ ಕರೆಯುವುದಿಲ್ಲವೆಂದು ಕಪ್ತಾನ ಹೇಳಿಬಿಟ್ಟಿದ್ದಾನೆ.

"ಎಡ ಬಲದ ಶಬ್ದ ಪಕ್ಕಾ ಬರ್ತಾವರಿ ಅತ್ತಿ. ಇವೆರಡು ಗಾಳಿ ತಿರುಗಿದಂಗ ತಿರುಗ್ತಾವ. ಪುಸ್ತಕದಾಗಿನ ಅರ್ಥ ನಾನೂ ಹೇಳ್ತೇನಿ, ಅವರೂ ಹೇಳ್ತಾರ. ಕಪ್ತಾನ ಒದರಿದ ಅಂದ್ರ ಎಲ್ಲಾ ಮರೀತಾರ."

"ನೀನರ ಸಮುದ್ರ ನೋಡಿದಿ?"

"ನಾ ಎಲ್ಲಿ ನೋಡೇನ್ರಿ? ಕಾರಂಜಾ ಡ್ಯಾಮ್ ನೋಡೀನಿ."

ಸುಭದ್ರಾಬಾಯಿಗೆ ನಗು ಬಂತು. ಬಂದದ್ದಕ್ಕೆ ಕೂಡಲೇ ನಾಚಿಕೆಯೂ ಆಯಿತು. ಗಂಡ ಮಚ್ಛೇಂದ್ರ ತೀರಿಕೊಂಡು ಇನ್ನೂ ಐದು ತಿಂಗಳು. ಗಾಳಿಯ ಮಾತು ಆತನನ್ನೇ ನೆನಪಿಗೆ ತಂದಿತ್ತು. ಅವಳು ಡಾಬಕಾ ಹಳ್ಳಿಗೆ ಸೊಸೆಯಾಗಿ ಬಂದ ವರ್ಷ, ಕಣದಲ್ಲಿ ರಾಶಿ ತೂರುವಾಗ, ಹೊಸ ಸೀರೆ ಉಟ್ಟು ಹೋಗಿ ನಿಲ್ಲಬಾರದ ಕಡೆ ನಿಂತಿದ್ದಳು. ಎತ್ತರದ ಮಣೆಯ ಮೇಲಿಂದ ಮಚ್ಛೇಂದ್ರ ಕಾಳು ಸುರಿದ. ಹೊಟ್ಟೆಲ್ಲ ಇವಳ ಕಣ್ಣಿಗೆ, ತಲೆಗೆ, ಸೀರೆಗೆ. ಆತ ಬೈಯಲಿಲ್ಲ, ತಿಳಿಸಿ ಹೇಳಲೂ ಇಲ್ಲ. ಕೆಳಗಿಳಿದು ಬಂದು, ಮೊಳಕೈ ಹಿಡಿದು ಗಾಳಿ ಬರುವ ಕಡೆಗೆ ಕರೆತಂದು ನಿಲ್ಲಿಸಿ, ಮತ್ತೆ ಹತ್ತಿ ತೂರತೊಡಗಿದ. ಅಂದಿನಿಂದ ಗಾಳಿ ಯಾವ ದಿಕ್ಕಿಗೆ ತಿರುಗಿದರೂ ಅವಳ ಕಾಲುಗಳು ತಾವೇ ಸರಿಯುತ್ತಿದ್ದವು.

ಅವಳು ಮೊರ ಎತ್ತಿಕೊಂಡು ಫೋನಿನ ಮುಂದೆ ನಿಂತಳು. ಗಾಳಿಗೆ ಬೆನ್ನು ಕೊಟ್ಟು ತೂರಿದಳು; ಹೊಟ್ಟು ಮುಂದಕ್ಕೆ ಹಾರಿತು. ಗುವೊ ಬೆರಗಾಗಿ ನೋಡಿದ, ತಲೆಯಾಡಿಸಿದ, ಮತ್ತೆ ಪುಸ್ತಕ ತೆರೆದ.

"ಅದು ಮುಚ್ಚಂತ ಹೇಳು," ಎಂದಳು ಸುಭದ್ರಾಬಾಯಿ. "ನೋಡಿದ್ರ ಬರಲ್ಲ ಅದು. ಮನ್ಯಾಗ ಏನದ ಕೇಳು ತೂರ್ಲಿಕ್ಕ."

ಗುವೊನ ಮನೆಯಲ್ಲಿ ಹುರಿದ ಶೇಂಗಾ ಇತ್ತು. ಅವನು ಅದನ್ನು ಎರಡೂ ಕೈಯಲ್ಲಿ ತಿಕ್ಕಿ, ತಟ್ಟೆಗೆ ಹಾಕಿಕೊಂಡು ಮನೆಯ ಮುಂದಿನ ಬಯಲಿಗೆ ಹೋದ. ಫೋನು ಹಿಡಿದು ಹೆಂಡತಿ ಹಿಂದೆ ಹೋದಳು. ಅವಳಿಗೂ ಇಂಗ್ಲಿಷ್ ಬಾರದು. ಅವನು ತಟ್ಟೆಯನ್ನು ಜೋರಾಗಿ ಮೇಲಕ್ಕೆ ಹಾರಿಸಿದ. ಕೆಂಪು ಸಿಪ್ಪೆಯೆಲ್ಲ ಅವನದೇ ಮುಖಕ್ಕೆ ರಪ್ಪನೆ ಬಡಿಯಿತು. ಹುಬ್ಬಿಗೆ ಅಂಟಿತು, ಬಾಯಿಗೂ ಹೋಯಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು.

"ಈಗ ಎಲ್ಲಿ ನಿಂತಾನಂತ ಕೇಳು."

ವಿಶಾಖಾ ಕೇಳುವ ಮೊದಲೇ ಗುವೊ ಸಿಪ್ಪೆ ಉಗುಳಿ, "ಲೀವರ್ಡ್," ಎಂದ. ಹೇಳುತ್ತ ಹೇಳುತ್ತಲೇ ಸುತ್ತು ಹಾಕಿ ಗಾಳಿಗೆ ಬೆನ್ನು ಮಾಡಿ ನಿಂತು ಮತ್ತೆ ಹಾರಿಸಿದ. ಈ ಸಲ ಸಿಪ್ಪೆ ಹೋಗಿ ಎದುರಿಗಿದ್ದ ಹೆಂಡತಿಯ ಮೇಲೆ ಬಿತ್ತು; ಪರದೆ ಕೆಂಪಾಯಿತು. ಆಕೆ ಅವರ ಭಾಷೆಯಲ್ಲಿ ಏನೋ ಬೈದಳು. ಬೈಗುಳ ತಿಳಿಯಲು ಭಾಷೆ ಬೇಕಾಗಲಿಲ್ಲ. ಗುವೊ ಓಡಿ ಬಂದು ಅವಳ ಮೊಳಕೈ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುತ್ತ, "ವಿಂಡ್‌ವರ್ಡ್, ವಿಂಡ್‌ವರ್ಡ್" ಎಂದು ಕೂಗುತ್ತಿದ್ದ. ಅವನ ಕೈಯಲ್ಲಿ ಪುಸ್ತಕವಿರಲಿಲ್ಲ.

ವಿಶಾಖಾ ಚಪ್ಪಾಳೆ ತಟ್ಟಿದಳು. ಸುಭದ್ರಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮರುದಿನ ಬೆಳಿಗ್ಗೆ ಬುದ್ಧನ ಮುಂದೆ ದೀಪ ಹಚ್ಚಿ, ದಿನವೂ ಒಳಿತು ಕೋರಿ ಹೇಳುವ ಹೆಸರುಗಳ ಕೊನೆಗೆ ಆ ಬಸ್ಸಿನವನನ್ನೂ ಸೇರಿಸಿದಳು. ಹೆಸರು ನಾಲಿಗೆಗೆ ಸರಿಯಾಗಿ ಹತ್ತಲಿಲ್ಲ, ಆದರೂ ಬಿಡಲಿಲ್ಲ.

ಹನ್ನೊಂದಕ್ಕೆ ಫೋನು ಬಂತು. ಬಾಗಿದ ದೋಣಿಯ ಎತ್ತರದ ಅಂಚಿನಲ್ಲಿ ಗುವೊ ಕೂತಿದ್ದ. ಮೈಯೆಲ್ಲ ನೀರು, ಮುಖವೆಲ್ಲ ಹಲ್ಲು. ಕಪ್ತಾನ ಒದರುವ ಮೊದಲೇ ಸರಿದು ಕೂತಿದ್ದನಂತೆ, ಇನ್ನು ಈ ಹಂಗಾಮು ಪೂರ್ತಿ ತನಗೆ ದೋಣಿಯಲ್ಲಿ ಜಾಗ ಇದೆಯಂತೆ. ಮೊರದ ಅಜ್ಜಿಗೆ ತೋರಿಸಬೇಕೆಂದು ಫೋನನ್ನು ಕಡಲಿನ ಕಡೆಗೆ ತಿರುಗಿಸಿದ.

ಸುಭದ್ರಾಬಾಯಿ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಳು. ಎಲ್ಲಿಯವರೆಗೆ ನೋಡಿದರೂ ನೀರು. ಗಾಳಿಯ ಭೋರು ಮಾಳಿಗೆಯ ತುಂಬ ಕೇಳಿಸಿತು. ಅವರಿಗೆ ಏನಾದರೂ ಹೇಳಬೇಕೇ ಎಂದು ವಿಶಾಖಾ ಮೆಲ್ಲಗೆ ಕೇಳಿದಳು.

"ನಿಮ್ಮ ಮಾವ ಗಾಳಿಗಿ ಕಾಯ್ಕೋತ ಕಣದಾಗ ಮೂರ್ಮೂರು ದಿನ ಕೂಡ್ತಿದ್ರು," ಎಂದಳು ಸುಭದ್ರಾಬಾಯಿ. "ಇಲ್ಲಿ ನೋಡು, ಎಷ್ಟು ಗಾಳಿ ಸುಮ್ನ ಹೊಂಟದ."