ಜಾಲಿ ಗಿಡದ ಆಚೆ

ಕೌದಿ ಕೈಯಿಂದ ಜಾರಿದ್ದೇ ತಡ, ಹೊಳೆ ಅದನ್ನು ಎಳೆದುಕೊಂಡು ನಡೆಯಿತು. ಒಳಗೆ ಗಾಳಿ ಹಿಡಿದು ಎಮ್ಮೆಯ ಬೆನ್ನಿನಂತೆ ಉಬ್ಬಿ, ನಡುನೀರು ಸೇರಿ, ತಿರುವಿನಲ್ಲಿ ಮರೆಯಾಯಿತು.

"ಅಯ್ಯ, ನಮ್ಮವ್ವನ ಸೀರಿ" ಎಂದು ಸಾವಿತ್ರೆವ್ವ ಕಲ್ಲಿನ ಮೇಲೆ ಕೂತೇಬಿಟ್ಟಳು. ಮಹಾನವಮಿ ಬಂತೆಂದು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಮಲಪ್ರಭೆಗೆ ಹೊತ್ತು ತಂದಿದ್ದಳು. ಉಳಿದದ್ದು ಹೋಗಿದ್ದರೆ ಹೋಗಲಿ ಅನ್ನಬಹುದಿತ್ತು, ಹೋದದ್ದು ತೀರಿಹೋದ ತಾಯಿಯ ಇಳಕಲ್ ಸೀರೆಗಳ ಕೌದಿ.

"ಎಲ್ಲೀತನ ಹೋಗಿದ್ದೀತು?"

ಸೊಸೆ ಮೀನಾ ದಂಡೆಯ ಮೇಲೆ ಬಿದ್ದಿದ್ದ ಜೋಳದ ಒಣ ದಂಟಿನ ಕಣಿಕಿಯೊಂದನ್ನು ನೀರಿಗೆ ಬಿಟ್ಟಳು. "ಇದರ ಜೋಡಿ ನಡೀರಿ, ಅತ್ಯಾರ. ಇದು ಎಲ್ಲಿ ನಿಲ್ಲತೈತೋ ಅದೂ ಅಲ್ಲೇ ಇರತೈತಿ."

ಕಣಿಕಿ ಮುಂದೆ, ಅತ್ತೆ ಸೊಸೆ ದಂಡೆಗುಂಟ ಹಿಂದೆ. "ಜಾಲಿ ಗಿಡಕ್ಕ ಸಿಕ್ಕೊಂಡಿರತೈತಿ, ನೋಡ" ಎಂದು ಸಾವಿತ್ರೆವ್ವ ದಾರಿಯುದ್ದಕ್ಕೂ ಅಂದಳು. ಗಿಡದ ತನಕ ಊರವರ ನೀರು; ದಾಟಿದರೆ ಅವರು ಮುಟ್ಟಿಸಿಕೊಳ್ಳದ ಕೇರಿಯವರು ಬಟ್ಟೆ ಒಗೆಯುವ ಜಾಗ. ಕಣಿಕಿ ಗಿಡಕ್ಕೆ ಮೈ ಸವರಿ ಒಂದು ಸುತ್ತು ತಿರುಗಿತು. ಆಮೇಲೆ ನಿಲ್ಲದೆ ಹೋಗಿ ಆಚೆಯ ಬಂಡೆಗೆ ತಾಗಿತು.

ಬಂಡೆಯ ಮಗ್ಗುಲಿಗೆ ಕೇರಿಯ ಸುಂದರವ್ವ ಎದೆಮಟ ತೊಯ್ದು ನಿಂತಿದ್ದಳು, ಇನ್ನೂ ತೇಕುತ್ತ. ಕಾಲ ಬಳಿ ಕೌದಿ.

"ನಾ ಹಾಕಿದ ಹೊಲಿಗಿ ನನಗ ಗುರ್ತ ಸಿಗೂದಿಲ್ಲೇನ್ರಿ?" ಎಂದು ನಕ್ಕಳು. ಆ ಕೌದಿ ಹೊಲಿದುಕೊಟ್ಟವಳು ಅವಳೇ. "ಸೆಳವು ಭಾಳ ಐತ್ರಿ ಇವತ್ತ. ಸ್ವಲ್ಪ ತಪ್ಪಿದ್ರ ಕೌದಿ ಜೋಡಿ ನಾನೂ ಕೆಳಗ ತೊರಗಲ್ ಊರ ಮುಟ್ಟತಿದ್ದೆ."

ಸಾವಿತ್ರೆವ್ವ ಕೌದಿ ಎತ್ತಲು ಬಗ್ಗಿದವಳು ಹಾಗೇ ನಿಂತಳು. "ಎಲ್ಲಿ ಹಿಡದಿ?"

"ಇಲ್ಲೇ ರೀ."

"ಗಿಡದ ಆ ಕಡೆ, ನಮ್ಮ ಮಗ್ಗಲಕ ಹಿಡದಿರಬೇಕ. ನೆನಪ ಮಾಡ್ಕೊ."

"ಇಲ್ರಿ, ಇದ ಬಂಡಿ ಮಗ್ಗಲಕ. ನಿಮ್ಮ ಕಣಿಕೀನೂ ಇಲ್ಲೇ ಬಂತಲ್ಲ."

ಸಾವಿತ್ರೆವ್ವ ದನಿ ಇಳಿಸಿದಳು. "ಮನ್ಯಾಗ ಹಿರ್ಯಾರು ಅದಾರ, ಹಬ್ಬ ಐತಿ. ಗಿಡದ ಆ ಕಡೆ ಹಿಡದೆ ಅಂತ ಒಂದ ಮಾತ ಅನ್ನು ತಂಗಿ, ಒಯ್ತೇನಿ."

"ಮತ್ತೊಮ್ಮಿ ಒಗದ್ರಾತಲ್ರಿ, ಅತ್ಯಾರ" ಎಂದಳು ಮೀನಾ.

"ನೀ ಸುಮ್ನಿರು. ಇವರ ಅರಿಬಿ ಒಗದ ನೀರು ಒಳಗಿನ ಪದರಿನ ತನಕ ಕುಡದೈತಿ."

ಸುಂದರವ್ವನ ಮುಖದಲ್ಲಿ ನಗು ಉಳಿಯಲಿಲ್ಲ. "ಹೊಲಿಯೂ ಮುಂದ ನಿಮ್ಮವ್ವನ ಸೀರಿ ನನ್ನ ತೊಡಿ ಮ್ಯಾಲ ಇದ್ವು. ಆವಾಗ ಯಾವ ಗಿಡಾನೂ ಕೇಳಲಿಲ್ಲ ನೀವು."

"ಅದು ಕೆಲಸ ಆತು."

"ನಿಮ್ಮ ಕಡಿ ಹೊಲಸೆಲ್ಲ ಇಳದು ಇಲ್ಲಿಗೇ ಬರತೈತಿ. ಅದರಾಗ ಅರಿಬಿ ಒಗಕೋತೀವಿ, ಒಂದಿನ ಏನೂ ಅಂದಿಲ್ಲ. ಈಗ ನಾ ಸುಳ್ಳ ಹೇಳಿದ್ರ ನಿಮ್ಮ ಕೌದಿ ಸ್ವಚ್ಛ ಆಕ್ಕತೇನ್ರಿ?"

ಸುಂದರವ್ವ ನೀರು ಸೋರುವ ಕೌದಿಯನ್ನು ಎರಡೂ ತೋಳಿನಲ್ಲಿ ತಬ್ಬಿ ಎತ್ತಿದಳು. ಮೊಣಕಾಲು ಮುಳುಗುವವರೆಗೆ ಇಳಿದು ಸೆಳವಿಗೆ ಬಿಟ್ಟಳು.

"ನಾ ಹಿಡದೇ ಇಲ್ಲಂತ ತಿಳೀರಿ. ಇನ್ನೊಂದ ಕಣಿಕಿ ಬಿಡ್ರಿ, ಮುಂದ ಯಾರ ಓಣಿಗೆ ಹತ್ತತೈತೋ ನೋಡ್ರಿ."

ಕೌದಿ ಒಮ್ಮೆ ಮುಳುಗಿ ಎದ್ದು ನಡುನೀರಿನತ್ತ ಹೊರಳಿತು. ಸಾವಿತ್ರೆವ್ವನ ಎರಡೂ ಕೈ ತಾವಾಗಿ ಮುಂದೆ ಚಾಚಿದವು. ಕಾಲು ಮಾತ್ರ ಒಣಗಿದ ಕಲ್ಲು ಬಿಟ್ಟು ಇಳಿಯಲಿಲ್ಲ.