ರಸ್ತೆಯ ಮಟ್ಟಕ್ಕೆ

"ಗೋಡೆ, ಗೋಡೆ! ನೋಡ್ಕೊಂಡು ಓಡಿಸೋ!" ಎಂದು ಅಮ್ಮ ಜಗುಲಿಯಿಂದ ಕೂಗುವಷ್ಟರಲ್ಲಿ, ಮಗ ಬಾಡಿಗೆಗೆ ತಂದಿದ್ದ ಪುಟ್ಟ ಲೋಡರ್ ಕಾಂಪೌಂಡಿಗೆ ಒಂದು ಮುತ್ತು ಕೊಟ್ಟು ಹಿಂದೆ ಸರಿದಿತ್ತು. ಫ್ರಿಜ್ಜಿಗಿಂತ ಸ್ವಲ್ಪ ದೊಡ್ಡದಾದ, ಮುಂದೆ ಮಣ್ಣೆತ್ತುವ ಬಕೆಟ್ಟಿರುವ ಯಂತ್ರ. ಹಿಂಭಾಗದ ಹಲಗೆಯ ಮೇಲೆ ನಿಂತು, ಎರಡು ಹಿಡಿಗಳನ್ನು ಅತ್ತಿತ್ತ ಆಡಿಸಿ ಓಡಿಸಬೇಕು. ಮಗನದು ಔಷಧಿ ಅಂಗಡಿ. ಮಾತ್ರೆ ಎಣಿಸಿ ರೂಢಿಯಾದ ಕೈಗೆ ಲೋಡರ್ ಅಷ್ಟು ಸುಲಭಕ್ಕೆ ಬಗ್ಗೀತೇ?

ಅಂಗಳ ರಸ್ತೆಗಿಂತ ಒಂದು ಗೇಣು ತಗ್ಗಿನಲ್ಲಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತಲೇ ಹೋಗಿತ್ತು, ಅಂಗಳ ಇದ್ದಲ್ಲೇ ಇತ್ತು. ಸೊಂಟ ಮುರಿದುಕೊಂಡು ಅಮ್ಮ ಗಾಲಿಕುರ್ಚಿ ಹಿಡಿದ ಮೇಲೆ ಆ ಒಂದು ಗೇಣು ಅವಳ ಪಾಲಿಗೆ ಬೆಟ್ಟವಾಯಿತು. ಇಬ್ಬರು ಹಿಡಿದೆತ್ತಿದರೆ ಉಂಟು ಬೀದಿ, ಇಲ್ಲದಿದ್ದರೆ ಇಲ್ಲ. ಎದುರುಮನೆಯ ಗೆಳತಿಯ ಜತೆ ಕಿಟಕಿಯಿಂದಲೇ ಕೂಗಿ ಮಾತಾಡಬೇಕು. ಬೀದಿಗೆಲ್ಲ ಕೇಳುವಾಗ ಗುಟ್ಟು ಹೇಳುವುದಾದರೂ ಹೇಗೆ? ಅವಳಿಗೆ ರೋಸಿಹೋಗಿತ್ತು. "ಭಾನುವಾರ ಕರ್ಕೊಂಡು ಹೋಗ್ತೀನಮ್ಮ" ಎಂದ ಮಗನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಯಾರೂ ಕರ್ಕೊಂಡು ಹೋಗೋದು ಬೇಡ. ನಾನೇ ಹೋಗಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲ ನಿಜವಾಗ್ಲೂ ಡೊಂಕು ಕಣೋ!"

ಅದಕ್ಕೇ ಈ ಮಣ್ಣು. ಲಾರಿಯವನು ಅಂಗಳದ ನಡುವೆ ಗುಡ್ಡೆ ಸುರಿದು ಹೋಗಿದ್ದೇ ತಡ, ಬೀದಿನಾಯಿಯೊಂದು ಬಂದು ಅದರ ನೆತ್ತಿಯ ಮೇಲೆ ಮಲಗಿತ್ತು. ಸೊಸೆ ಅದನ್ನು ಅಟ್ಟಿ, ಗೇಟು ಎಳೆದು, ಚಿಲಕ ಹಾಕಿದಳು. ಆಮೇಲೆ ಮಗ ಲೋಡರಿನಿಂದ ಮಣ್ಣು ತಂದು ಸುರಿಯುವುದು, ಸೊಸೆ ಹೆಂಟೆ ಒಡೆದು ಸಲಿಕೆಯಿಂದ ಹರಡುವುದು, ಪೈಪಿನಿಂದ ನೀರು ಚಿಮುಕಿಸುವುದು, ಮತ್ತೆ ಮಗ ನೆಲ ಕುಟ್ಟುವ ಯಂತ್ರ ಹಿಡಿದು ಮೈಯೆಲ್ಲ ನಡುಗಿಸಿಕೊಳ್ಳುತ್ತ ದಮ್ಮಸು ಮಾಡುವುದು. ಅಮ್ಮನಿಗೆ ಕೂತಲ್ಲೇ ಮೇಸ್ತ್ರಿ ಕೆಲಸ.

"ಅಲ್ಲಿ ಬಸುರಿ ಹೊಟ್ಟೆ ಥರ ಉಬ್ಬಿದೆ ನೋಡು."

"ಎಲ್ಲಮ್ಮಾ? ಮಟ್ಟ ಇಟ್ಟು ನೋಡಿದ್ದೀನಿ, ಸರಿಯಾಗೇ ಇದೆ."

"ಅತ್ತೆ ಹೇಳ್ತಿರೋದು ನಿಮ್ಮನ್ನ ಕಣ್ರೀ, ನೆಲವನ್ನಲ್ಲ" ಎಂದಳು ಸೊಸೆ. ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮಗ ಉಸಿರು ಎಳೆದು ಹೊಟ್ಟೆ ಒಳಗೆ ತೆಗೆದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಜಗುಲಿಯ ಮೆಟ್ಟಿಲು ಮಣ್ಣಿನಡಿ ಮುಚ್ಚಿ ಇಳಿಜಾರಾಗಿತ್ತು. ಅಂಗಳ ರಸ್ತೆಯ ಸಮಕ್ಕೆ ಎದ್ದು ನಿಂತು, ತಟ್ಟಿ ಒಣಗಿಸಿದ ಹಾಗೆ ಗಟ್ಟಿಯಾಗಿತ್ತು. ಅಮ್ಮ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು ಸಿದ್ಧಳಾದಳು. "ಯಾರೂ ಮುಟ್ಟಬೇಡಿ" ಎಂದು ತಾನೇ ಗಾಲಿ ತಿರುಗಿಸಿದಳು. ಕುರ್ಚಿ ಇಳಿಜಾರು ಇಳಿಯಿತು, ಅಂಗಳ ದಾಟಿತು, ಎಲ್ಲೂ ಹೂತುಕೊಳ್ಳಲಿಲ್ಲ. ಮಗ ಹೆಮ್ಮೆಯಿಂದ ಸೊಂಟದ ಮೇಲೆ ಕೈಯಿಟ್ಟು ನಿಂತ. ಅಮ್ಮ ಗೇಟಿನ ಚಿಲಕ ತೆಗೆದು ಎಳೆದಳು. ಗೇಟು ಮಿಸುಕಲಿಲ್ಲ. ಇನ್ನೊಮ್ಮೆ ಎಳೆದಳು. ಊಹೂಂ.

ಆಗ ಮೂವರಿಗೂ ಒಟ್ಟಿಗೇ ಹೊಳೆಯಿತು. ಗೇಟು ತೆರೆಯುವುದು ಒಳಮುಖವಾಗಿ. ಈಗ ಅದರ ಕೆಳಗಿನ ಒಂದು ಗೇಣು ಭಾಗಕ್ಕೆ ಹೊಸ ಮಣ್ಣು ಅಡ್ಡ ನಿಂತಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಮಗ ತಲೆಯ ಮೇಲೆ ಕೈ ಹೊತ್ತು ನಿಂತ. ಹೊರಕ್ಕೆ ತಳ್ಳೋಣವೆಂದರೆ ರಸ್ತೆ ಅಡ್ಡ. ಸಂಜೆಗೇ ವಾಪಸ್ಸು ಕೊಡಬೇಕಾದ ಲೋಡರ್ ಕೂಡ ಒಳಗೇ.

ಗೇಟಿನ ಆಚೆ ಎದುರುಮನೆಯ ಗೆಳತಿ ಪ್ರತ್ಯಕ್ಷಳಾದಳು. "ಏನೇ, ನಿನ್ನ ಮಗ ನಿನ್ನನ್ನ ಜೈಲಿಗೆ ಹಾಕಿದ್ನಾ?"

ಅಮ್ಮ ನಗಲಿಲ್ಲ. ಕಂಬಿ ಹಿಡಿದೇ ಇದ್ದಳು, ಕಣ್ಣು ತುಂಬಿತು. ಇಷ್ಟು ಹತ್ತಿರ ಬಂದು ಹಿಂದಿರುಗುವುದು ಅವಳಿಂದಾಗದು.

"ಅಳಬೇಡಮ್ಮ, ಗೇಟು ತಿರುಗೋವಷ್ಟು ಜಾಗ ಈಗಲೇ ಅಗೆದುಬಿಡ್ತೀನಿ" ಎಂದು ಮಗ ಗುದ್ದಲಿಗೆ ಓಡಿದ.

"ಅಗೆದ್ರೆ ಅಲ್ಲಿ ಮತ್ತೆ ಹಳ್ಳ ಆಗುತ್ತಲ್ರೀ! ಅತ್ತೆ ಹೇಗೆ ದಾಟ್ತಾರೆ?" ಸೊಸೆ ಅಡ್ಡ ಬಂದಳು.

ಅಮ್ಮ ಮೂಗು ಒರೆಸಿಕೊಂಡಳು. "ನೆಲ ಮುಟ್ಟಿದ್ರೆ ನೋಡು ಮತ್ತೆ! ಗೇಟು ಕಿತ್ತು ಹಾಕು."

"ಗೇಟಿಲ್ಲದೆ ಇರೋದು ಹೇಗಮ್ಮಾ? ಕಂಡಕಂಡೋರೆಲ್ಲ ಒಳಗೆ ಬರ್ತಾರೆ."

"ಬರಲಿ ಬಿಡೋ. ಬಂದು ಮಾತಾಡಿಸಲಿ. ಇಷ್ಟು ದಿನ ಗೇಟು ಹಾಕಿಟ್ಟು ಒಳಗೆ ಅದೇನು ಕೊಪ್ಪರಿಗೆ ಹೊನ್ನು ಕಾಯ್ತಿದ್ವಿ?"

ಮಗ ಹಗ್ಗದ ಒಂದು ತುದಿ ಗೇಟಿಗೆ, ಇನ್ನೊಂದು ಲೋಡರಿನ ಬಕೆಟ್ಟಿಗೆ ಬಿಗಿದ. ಬಕೆಟ್ಟು ಮೇಲೇರಿದಂತೆ ಜೋಡಿ ಗೇಟಿನ ಒಂದು ಬಾಗಿಲು ಕಿರ್ರೆಂದು ಗೊಣಗುತ್ತ ಕೀಲಿನಿಂದ ಕಳಚಿತು, ಆಮೇಲೆ ಇನ್ನೊಂದು. ಎರಡನ್ನೂ ಗೋಡೆಗೆ ಒರಗಿಸಿದರು. ಅವು ನಿಂತಿದ್ದ ಸಂದಿಗೆ ಸೊಸೆ ಎರಡು ಸಲಿಕೆ ಮಣ್ಣು ಹಾಕಿ ಕುಟ್ಟಿದಳು.

ಅಮ್ಮ ರಸ್ತೆಗೆ ಇಳಿಯಲಿಲ್ಲ, ಹತ್ತಲೂ ಇಲ್ಲ; ಸುಮ್ಮನೆ ಹೋದಳು. ಗೆಳತಿಯ ಮನೆಯ ಮುಂದೆ ನಿಲ್ಲುತ್ತಾಳೆಂದು ಮಗ ನೋಡುತ್ತಿದ್ದ. ನಿಲ್ಲಲಿಲ್ಲ. ಗೆಳತಿಯರಿಬ್ಬರೂ ಅದೇನೋ ಪಿಸುಗುಟ್ಟಿ ಕಿಸಕ್ಕನೆ ನಕ್ಕು, ಬೀದಿಯ ಕೊನೆಯ ತಿರುವಿನ ಕಡೆಗೆ ಹೊರಟರು.

"ಅಮ್ಮಾ! ಎಲ್ಲಿಗೆ? ಎಷ್ಟೊತ್ತಿಗೆ ಬರ್ತೀಯಾ?" ಮಗ ಗಾಬರಿಯಿಂದ ಕೂಗಿದ.

ಅಮ್ಮ ತಿರುಗಿಯೂ ನೋಡಲಿಲ್ಲ. "ನೀನು ಕಾಲೇಜಿಗೆ ಹೋಗ್ತಿದ್ದಾಗ ನಾನು ಕೇಳಿದ್ರೆ ಏನಂತಿದ್ದೆ? ಬಂದಾಗ ಬರ್ತೀನಿ, ಊಟಕ್ಕೆ ಕಾಯಬೇಡಿ!"