ಸಾಹೇಬರ ಒಪ್ಪಿಗೆ

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದ ಫೋನು ಒಮ್ಮೆ ಟಿಣ್ ಎಂದಿತು. ನೀರು ಸರಬರಾಜು ಇಲಾಖೆಯ ಸ್ಟೆನೋ ಒಂದೇ ಕಣ್ಣು ತೆರೆದು ಓದಿದಳು. ನಿರ್ದೇಶಕ ಸಾಹೇಬರ ಸಂದೇಶ: ‘ನಲ್ಲಿ ಬಳಕೆದಾರರ ಸಂಘದ ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು ನಾಳೆ ಕೊನೇ ದಿನ. ವಿದೇಶಿ ಕಂಪನಿ ಮೀಟಿಂಗಿನ ನಿಮ್ಮ ನೋಟ್‌ಬುಕ್ ತನ್ನಿ. ಹಾಗೇ ಕೊಟ್ಟುಬಿಡೋಣ.’ ಎರಡನೇ ಕಣ್ಣೂ ತಾನಾಗಿ ತೆರೆದುಕೊಂಡಿತು. ಈ ಹೊತ್ತಿನಲ್ಲಿ ಯಾರದು ಎಂದು ಗಂಡ ಕೇಳಿದ. ಆಫೀಸು ಎಂದಳು. ಆಫೀಸಿಗೇನು ನಿದ್ದೆ ಬರುವುದಿಲ್ಲವೇ ಎಂದು ಗೊಣಗಿ ಅವನು ಮಗ್ಗುಲು ಬದಲಿಸಿದ. ಆಫೀಸಿಗೆ ನಿದ್ದೆ ಬರುತ್ತದೆ, ಅದೂ ಹಾಡಹಗಲಿನಲ್ಲಿ. ಅವಳ ಸಂಕಟವೆಲ್ಲ ಅಲ್ಲೇ ಇತ್ತು.

ಹೊರದೇಶದ ಕಂಪನಿಯವರು ಬಂದಾಗಲೆಲ್ಲ ಸಾಹೇಬರು ಎಲ್ಲರ ಫೋನುಗಳನ್ನು ಒಂದು ಬುಟ್ಟಿಗೆ ಹಾಕಿಸಿ ಬಾಗಿಲಾಚೆ ಇಡಿಸುತ್ತಿದ್ದರು. ಕಂಪ್ಯೂಟರ್ ಕೂಡದು, ರೆಕಾರ್ಡರ್ ಕೂಡದು. ಒಳಗೆ ಇವಳು ಮತ್ತು ಇವಳ ಪೆನ್ಸಿಲ್ ಮಾತ್ರ. ಇವಳ ಶೀಘ್ರಲಿಪಿಯ ಕೊಕ್ಕೆ, ಗೆರೆ, ಚುಕ್ಕೆಗಳು ಇಡೀ ಕಟ್ಟಡದಲ್ಲಿ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಹನ್ನೆರಡು ವರ್ಷ ಓದುವವರೇ ಇಲ್ಲದ ಲಿಪಿಯಲ್ಲಿ ಬರೆಯುತ್ತ ಕೂತರೆ ಎಂಥವರಿಗೂ ಕೈ ಸಡಿಲವಾಗುತ್ತದೆ. ಕೇಳಿದ್ದರ ಜೊತೆಗೆ ಕಂಡದ್ದನ್ನೂ ಅವಳು ಬರೆದುಬಿಡುತ್ತಿದ್ದಳು. ‘ಸಾಹೇಬರು ಬಿಸ್ಕತ್ತನ್ನು ನೋಡಿದಷ್ಟು ಆಳವಾಗಿ ನಕ್ಷೆಯನ್ನು ನೋಡಲಿಲ್ಲ.’ ‘ಕಂಪನಿಯವನು ನಮ್ಮ ಕೆರೆಯ ಹೆಸರನ್ನು ಮೂರು ಸಲ ಮೂರು ಥರ ಹೇಳಿದ.’ ಮೂರನೇ ಹಾಳೆಯದಂತೂ ಕೇಳುವುದೇ ಬೇಡ: ‘ಮೂವತ್ತು ವರ್ಷ ಊರಿನ ನೀರು ಕಂಪನಿಗೆ, ಬೀದಿ ನಲ್ಲಿಗಳು ಬಂದ್, ಒಪ್ಪಿಗೆಯೇ ಎಂದು ಕೇಳಲಾಯಿತು. ಸಾಹೇಬರು ಊಟದ ಮೇಲಿನ ತೂಕಡಿಕೆಯಲ್ಲಿದ್ದರು. ತಲೆ ಎರಡು ಸಲ ಮುಂದಕ್ಕೆ ಬಾಗಿತು. ಕಂಪನಿಯವರು ಎದ್ದು ಕೈ ಕುಲುಕಿದರು. ಎಚ್ಚರವಾದ ಮೇಲೆ ಸಾಹೇಬರೂ ಅಲ್ಲ ಎನ್ನಲಿಲ್ಲ. ಒಪ್ಪಿಗೆ ಎಂದು ದಾಖಲಿಸಿದ್ದೇನೆ.’

ಬೆಳಿಗ್ಗೆ ಸಾಹೇಬರು ಭಾರೀ ಗೆಲುವಾಗಿದ್ದರು. ಕೊಡುವುದಿಲ್ಲ ಎಂದರೆ ಮೇಲ್ಮನವಿ, ಪೇಪರಿನವರು, ತಲೆನೋವು. ಟೈಪಾದ ಪ್ರತಿ ಇಲ್ಲವೇ ಇಲ್ಲ, ಇರುವುದನ್ನು ಇದ್ದ ಹಾಗೆ ಕೊಟ್ಟರೆ ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು ಎಂಬುದು ಅವರ ಲೆಕ್ಕಾಚಾರ.

“ದಾಖಲೆ ಕೊಡಿ ಅಂದಿದ್ದಾರೆ, ಓದಿ ಹೇಳಿ ಅಂದಿಲ್ಲವಲ್ಲ.”

“ಸರ್, ಅಕಸ್ಮಾತ್ ಯಾರಿಗಾದ್ರೂ ಓದೋಕೆ ಬಂದ್ರೆ?”

“ಈ ಕಾಲದಲ್ಲಿ ಶಾರ್ಟ್‌ಹ್ಯಾಂಡಾ? ನಂಗೇ ಅದು ಕೋಳಿ ಕೆರೆದ ಹಾಗೆ ಕಾಣುತ್ತೆ ಕಣ್ರೀ.”

ಅವಳು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ತಡೆಯಬೇಕೆಂದರೆ ಕೋಳಿ ಏನೇನು ಕೆರೆದಿದೆ ಎಂದು ಹೇಳಬೇಕಾಗುತ್ತದೆ. ಹನ್ನೊಂದು ಹಾಳೆ ಜೆರಾಕ್ಸ್ ಆಯಿತು, ಸಾಹೇಬರ ಸಹಿ ಬಿತ್ತು, ಸೀಲು ಬಿತ್ತು, ಎಲ್ಲ ಲಕೋಟೆ ಸೇರಿತು.

ಮಧ್ಯಾಹ್ನ ಎರಡೂವರೆಗೆ ಸಂಘದ ಪರವಾಗಿ ಕೌಂಟರಿಗೆ ಬಂದವರನ್ನು ಕಂಡು ಅವಳು ಲಕೋಟೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಬಿಳಿ ಕೂದಲು, ಹೆಗಲಲ್ಲಿ ಚೀಲ, ಮತ್ತು ಅದೇ ಉದ್ದನೆಯ ಮೂಗು. ಇಪ್ಪತ್ತು ವರ್ಷದ ಹಿಂದೆ ಟೈಪಿಂಗ್ ಶಾಲೆಯ ಮಹಡಿಯಲ್ಲಿ ಇವಳ ಬೆರಳಿಗೆ ಈ ಕೊಕ್ಕೆಗಳನ್ನೆಲ್ಲ ಕಲಿಸಿದ ಟೀಚರ್.

“ನೀನು ಕಿಟಕಿ ಬೆಂಚಿನವಳಲ್ವೇನೇ? ಡಿಕ್ಟೇಷನ್ ಮಧ್ಯೆ ನನ್ನ ಮೂಗಿನ ವರ್ಣನೆ ಬರೀತಿದ್ದೋಳು.”

“ಆಗ ಹುಡುಗಾಟ, ಟೀಚರ್.”

“ನಿಮಿಷಕ್ಕೆ ನೂರಿಪ್ಪತ್ತು ಪದ ಹೇಳಿದ್ರೂ ನನ್ನ ಮೂಗು ಬಿಡ್ತಿರಲಿಲ್ಲ ನೀನು. ಆ ಚಾಳಿ ಹೋಯ್ತಾ ಇಲ್ವಾ?”

ಅವಳು ರಿಜಿಸ್ಟರ್ ಹುಡುಕುವ ನೆಪ ಮಾಡಿದಳು. ಟೀಚರ್ ತಮ್ಮ ಬೀದಿಯ ಕತೆ ತೆಗೆದರು. ನಲ್ಲಿಗೆ ಬೀಗ ಬಿದ್ದು ಎರಡು ತಿಂಗಳಾಯಿತಂತೆ. ಈ ವಯಸ್ಸಿನಲ್ಲಿ ಕೊಡ ಹಿಡಿದು ಎರಡು ರಸ್ತೆ ದಾಟಬೇಕಂತೆ. ಇದಕ್ಕೆ ಯಾರು ಒಪ್ಪಿದರು ಎಂದು ಕೇಳಿದರೆ ಇಲಾಖೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರಂತೆ. ಲಕೋಟೆ ಇನ್ನೂ ಇವಳ ಕೈಯಲ್ಲೇ ಇತ್ತು. ಈಕೆಗೆ ಓದಲು ಬರುತ್ತದೆ ಎಂದು ಸಾಹೇಬರ ಕಿವಿಗೆ ಹಾಕಿದರೆ ಸಾಕು, ಲಕೋಟೆ ಬೀರು ಸೇರುತ್ತದೆ, ನೌಕರಿ ಉಳಿಯುತ್ತದೆ. ಹಾಕದಿದ್ದರೆ ಬಿಸ್ಕತ್ತು, ತೂಕಡಿಕೆ ಎಲ್ಲ ನಾಳೆ ಪೇಪರಿನಲ್ಲಿ. ನಾಡಿದ್ದು ಇವಳ ಎತ್ತಂಗಡಿ, ಅದೂ ಅಷ್ಟಕ್ಕೇ ನಿಂತರೆ.

ಒಂದು ನಿಮಿಷ ಎಂದು ಹೇಳಿ ಲಕೋಟೆ ಸಮೇತ ಮೆಟ್ಟಿಲು ಹತ್ತಿದಳು. ಸಾಹೇಬರ ಊಟ ಆಗಿತ್ತು. ಗಲ್ಲ ಎದೆಗೆ ತಾಗಿತ್ತು, ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು. ಮೇಜು ಕುಟ್ಟಿ ಎಬ್ಬಿಸಬಹುದಿತ್ತು. ಕೈ ಎತ್ತಿದಳು ಕೂಡ. ಆಮೇಲೆ ಆ ಕೈಯನ್ನು ಇಳಿಸಿ, ಅಂದು ಕಂಪನಿಯವರು ಕೇಳಿದಷ್ಟೇ ಮೆತ್ತಗೆ ಕೇಳಿದಳು.

“ಸರ್, ಬಂದಿರೋರಿಗೆ ಶಾರ್ಟ್‌ಹ್ಯಾಂಡ್ ಚೆನ್ನಾಗಿ ಬರುತ್ತೆ. ಕೊಟ್ಟುಬಿಡಲಾ?”

ಸಾಹೇಬರ ತಲೆ ಎರಡು ಸಲ ಮುಂದಕ್ಕೆ ಬಾಗಿತು.

ಅವಳು ಸದ್ದಾಗದಂತೆ ಬಾಗಿಲೆಳೆದುಕೊಂಡು ಕೆಳಗಿಳಿದಳು. ಟೀಚರ್ ಕೈಗೆ ಲಕೋಟೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಳು. ಮೇಲೆ ನಡೆದದ್ದನ್ನು ಯಾರಿಗೂ ಹೇಳಬಾರದು, ಗಂಡನಿಗೂ ಹೇಳಬಾರದು ಎಂದು ತೀರ್ಮಾನಿಸಿ ತನ್ನ ಜಾಗಕ್ಕೆ ಬಂದು ಕುಳಿತಳು. ಪೆನ್ಸಿಲ್ ಚೂಪು ಮಾಡಿದಳು. ನೋಟ್‌ಬುಕ್ಕಿನ ಹೊಸ ಹಾಳೆ ತೆರೆದು, ತಾರೀಖು ಹಾಕಿ, ಕೊಕ್ಕೆ ಚುಕ್ಕೆಗಳಲ್ಲಿ ಬರೆದಳು: ‘ಕೇಳಲಾಯಿತು. ತಲೆ ಎರಡು ಸಲ ಬಾಗಿತು. ಒಪ್ಪಿಗೆ ಎಂದು ದಾಖಲಿಸಿದ್ದೇನೆ.’